ನೀವು ಬಿಚ್ಚಬೇಡಿ, ಅವರಿಂದ ಬಿಚ್ಚಿಸಿ: ಬ್ರಿಡ್ಜ್‌ನಲ್ಲಿ ಎಂಡ್‌ಪ್ಲೇ ಕಲಿಯುವ ದಾರಿ

ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಇಸ್ಪೀಟ್ ಎಲೆ ಕಲಸುವುದೇ ಒಂದು ಕೆಲಸ. ತೇವಕ್ಕೆ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ನಮ್ಮ ಮನೆ ಜಗಲಿಯಲ್ಲಿ ಎಲೆಕಟ್ಟಿನ ಪಕ್ಕ ಒಂದು ಪೌಡರ್ ಡಬ್ಬಿ ಇರುತ್ತದೆ. ತೋಟಕ್ಕೆ ಹೋಗಲಾಗದ ಮಳೆ, ಕರೆಂಟಿಲ್ಲದ ಸಂಜೆ, ಹಲಸಿನ ಹಪ್ಪಳ, ನಾಲ್ಕು ಜನ. ಬ್ರಿಡ್ಜ್ ಆಡಲು ಇದಕ್ಕಿಂತ ಜಾಸ್ತಿ ಏನು ಬೇಕು?

ಅಂಥದ್ದೇ ಒಂದು ಸಂಜೆ ನಾನು 6 ಸ್ಪೇಡ್ ಆಟವನ್ನು ಒಂದೇ ಒಂದು ಎಲೆಯಲ್ಲಿ ಸೋತೆ. ಕಳಾವರ್ ರಾಣಿ ಯಾರ ಹತ್ತಿರ ಇದೆ ಎಂದು ಊಹಿಸಬೇಕಿತ್ತು. ಊಹೆ ತಪ್ಪಿತು. ಅದೃಷ್ಟ ಸರಿಯಿರಲಿಲ್ಲ ಎಂದುಕೊಂಡು ಎಲೆ ಒಟ್ಟು ಮಾಡಲು ಕೈ ಹಾಕಿದೆ. ಎದುರಿಗೆ ಕೂತಿದ್ದ ಮೇಷ್ಟ್ರು ನನ್ನ ಕೈ ತಡೆದರು. "ಎಂತಕ್ಕೆ ಕಳಾವರ್ ಮುಟ್ಟಿದೆ ಮಾರಾಯ? ಅದನ್ನು ಅವರೇ ಮುಟ್ಟಬೇಕಿತ್ತು" ಎಂದರು. ಆಮೇಲೆ ನಾಲ್ಕೂ ಕೈ ಬಿಡಿಸಿಟ್ಟು, ಊಹೆಯೇ ಇಲ್ಲದೆ ಆಟ ಗೆದ್ದು ತೋರಿಸಿದರು. ಅವತ್ತಿನಿಂದ ನಾನು ಫಿನೆಸ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸೂಟನ್ನು ನಾನೇ ಬಿಚ್ಚಬೇಕಾ, ಅವರಿಂದ ಬಿಚ್ಚಿಸಬಹುದಾ?

ಬ್ರಿಡ್ಜ್‌ನ ಬಿಡ್ಡಿಂಗ್, ತುರುಪು, ಡಮ್ಮಿ, ಫಿನೆಸ್ ಇಷ್ಟು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ 28 ಆಡಿ ಬಂದವರು ಒಂದು ನೆನಪಿಟ್ಟುಕೊಳ್ಳಿ. ಅಲ್ಲಿ ಗುಲಾಮ ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಎಕ್ಕ, ರಾಜ, ರಾಣಿ, ಗುಲಾಮ ಎಂಬ ಕ್ರಮ. ಎಲೆ ಹಿಡಿದರೆ ಜೂಜು ಎಂದು ಮೂಗು ಮುರಿಯುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಜೋಡಿ ಬ್ರಿಡ್ಜ್‌ನಲ್ಲಿ ಭಾರತಕ್ಕೆ ಚಿನ್ನ ಬಂತು. ಗೆದ್ದವರು ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಆಗ ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56.

ಮೊದಲು ಬಿಚ್ಚಿದವರಿಗೆ ನಷ್ಟ

ಎಂಡ್‌ಪ್ಲೇ ಪೂರ್ತಿ ನಿಂತಿರುವುದು ಒಂದು ಸತ್ಯದ ಮೇಲೆ. ಕೆಲವು ಸೂಟ್‌ಗಳನ್ನು ಯಾರು ಮೊದಲು ಆಡುತ್ತಾರೋ ಅವರಿಗೇ ನಷ್ಟ.

ಇದನ್ನು ಕೈಯಲ್ಲಿ ಎಲೆ ಹಿಡಿದೇ ನೋಡಿ. ಡಮ್ಮಿಯಲ್ಲಿ ರಾಣಿ, 7, 3. ನಿಮ್ಮ ಕೈಯಲ್ಲಿ ಗುಲಾಮ, 6, 4. ಎಕ್ಕ ಒಬ್ಬ ಎದುರಾಳಿಯ ಬಳಿ, ರಾಜ ಇನ್ನೊಬ್ಬರ ಬಳಿ ಇದೆ ಎಂದಿಟ್ಟುಕೊಳ್ಳಿ. ನೀವೇ ಶುರು ಮಾಡಿದರೆ ರಾಣಿಯನ್ನು ರಾಜ ಹಿಡಿಯುತ್ತದೆ, ಗುಲಾಮನನ್ನು ಎಕ್ಕ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದು ಟ್ರಿಕ್ಕೂ ಸಿಗುವುದಿಲ್ಲ. ಅದೇ ಪಶ್ಚಿಮದವರು, ಅಂದರೆ ನಿಮ್ಮ ಎಡಗಡೆ ಕೂತವರು, ಸಣ್ಣ ಎಲೆ ಆಡಿ ಶುರು ಮಾಡಲಿ. ಡಮ್ಮಿಯಿಂದ 3 ಹಾಕಿ. ಬಲಗಡೆಯ ಪೂರ್ವದವರು ದೊಡ್ಡದು ಹಾಕದಿದ್ದರೆ ನಿಮ್ಮ ಗುಲಾಮನೇ ಗೆಲ್ಲುತ್ತಾನೆ. ರಾಜ ಹಾಕಿದರೆ ನೀವು 4 ಹಾಕಿ. ಈಗ ಅವರ ಬಳಿ ಎಕ್ಕ ಮಾತ್ರ ಉಳಿಯಿತು, ನಿಮ್ಮ ಬಳಿ ರಾಣಿ, ಗುಲಾಮ ಎರಡೂ ಇವೆ. ಒಂದನ್ನು ಎಕ್ಕಕ್ಕೆ ಕೊಟ್ಟರೆ ಇನ್ನೊಂದು ಗೆಲ್ಲುತ್ತದೆ. ಎಲೆಗಳು ಅವೇ. ಶುರು ಮಾಡಿದವರು ಬದಲಾದರು, ಅಷ್ಟೇ.

ಇಂಥ ಸೂಟ್‌ಗಳನ್ನು ಗುರುತಿಸುವ ಕಣ್ಣು ಮೊದಲು ಬರಬೇಕು. ಎಕ್ಕ-ರಾಣಿ ಒಂದು ಕೈಯಲ್ಲಿ, ಎದುರು ಎರಡು ಸಣ್ಣ ಎಲೆ. ರಾಜ ಮತ್ತೊಂದು ಸಣ್ಣದು, ಎದುರು ಬರೀ ಸಣ್ಣವು. ರಾಜ-ಗುಲಾಮ ಒಂದು ಕಡೆ, ಎಕ್ಕ-10 ಇನ್ನೊಂದು ಕಡೆ. ಇವೆಲ್ಲ ನೀವಾಗಿ ಮುಟ್ಟಬಾರದ ಸೂಟ್‌ಗಳು. ಡಮ್ಮಿ ಕೆಳಗಿಟ್ಟ ಕೂಡಲೇ ಇಂಥದ್ದು ಕಂಡರೆ ಮನಸ್ಸಿನಲ್ಲಿ ಒಂದು ಗುರುತು ಹಾಕಿಡಿ.

ಆದರೆ ಎದುರಾಳಿ ಸುಮ್ನೆ ಯಾಕೆ ಆ ಸೂಟ್ ಆಡುತ್ತಾರೆ? ಆಡುವುದಿಲ್ಲ. ಬೇರೆ ದಾರಿ ಇರುವ ತನಕ ಆಡುವುದೇ ಇಲ್ಲ. ಹಾಗಾಗಿ ಬೇರೆ ದಾರಿಗಳನ್ನು ಮುಚ್ಚಬೇಕು.

ಮುಂಗಾರಿನ ಹೊಸ ನೀರಿಗೆ ಹತ್ತುಮೀನು ಬರುವಾಗ ಮೀನು ಹಿಡಿಯುವ ಕೂಣಿ ಇಡುವುದನ್ನು ನೋಡಿದ್ದೀರಾ? ಕೂಣಿಯನ್ನು ನೀರಿಗೆ ಬಿಟ್ಟರೆ ಮೀನು ಬಂದು ಕೂರುವುದಿಲ್ಲ. ಮೊದಲು ಆಚೀಚೆ ಕಲ್ಲು, ಮಣ್ಣು, ಸೊಪ್ಪು ಹಾಕಿ ನೀರಿನ ದಾರಿ ಕಟ್ಟಬೇಕು. ಒಂದೇ ಕಂಡಿ ಉಳಿಸಬೇಕು. ಆ ಕಂಡಿಯಲ್ಲಿ ಕೂಣಿ ಕೂರಬೇಕು. ಬ್ರಿಡ್ಜ್‌ನಲ್ಲಿ ಆಚೀಚೆ ಕಟ್ಟುವ ಕೆಲಸಕ್ಕೆ ಎಲಿಮಿನೇಷನ್ ಎನ್ನುತ್ತಾರೆ. ಎದುರಾಳಿಯ ಕೈಗೆ ಟ್ರಿಕ್ ಕೊಟ್ಟು ಸಿಕ್ಕಿಸುವುದಕ್ಕೆ ಥ್ರೋ-ಇನ್ ಎನ್ನುತ್ತಾರೆ. ಎರಡೂ ಸೇರಿದರೆ ಎಂಡ್‌ಪ್ಲೇ. ಕಟ್ಟುವ ಕೆಲಸ ಮೊದಲು, ಟ್ರಿಕ್ ಕೊಡುವುದು ಆಮೇಲೆ. ಈ ಕ್ರಮ ತಪ್ಪಿದರೆ ಮೀನು ಹೋಯಿತು.

ನಾನು ಸೋತ ಆ ಡೀಲ್

ಒಂದು ಕಟ್ಟು ತೆಗೆದು ನಿಜವಾಗಿಯೂ ಜೋಡಿಸಿಕೊಳ್ಳಿ. ಓದಿದರೆ ಅರ್ಥವಾಗುತ್ತದೆ, ಆಡಿ ನೋಡಿದರೆ ನೆನಪಿರುತ್ತದೆ. ದಕ್ಷಿಣ ನೀವು, ಉತ್ತರ ಡಮ್ಮಿ.

ಉತ್ತರ
ಸ್ಪೇಡ್: ರಾಜ, 9, 8, 4, 2
ಆಟೀನ್: ರಾಜ, 5
ಡೈಮಂಡ್: ರಾಜ, 7, 2
ಕಳಾವರ್: ರಾಜ, ಗುಲಾಮ, 5

ದಕ್ಷಿಣ
ಸ್ಪೇಡ್: ಎಕ್ಕ, ರಾಣಿ, ಗುಲಾಮ, 10, 5
ಆಟೀನ್: ಎಕ್ಕ, 7
ಡೈಮಂಡ್: ಎಕ್ಕ, 8, 3
ಕಳಾವರ್: ಎಕ್ಕ, 10, 4

ಆಟ 6 ಸ್ಪೇಡ್, ಅಂದರೆ 12 ಟ್ರಿಕ್ ಬೇಕು. ಪಶ್ಚಿಮದವರು ಆಟೀನ್ ರಾಣಿ ಹಾಕಿದರು.

ಎಣಿಸಿ. ಸ್ಪೇಡ್ 5, ಆಟೀನ್ 2, ಡೈಮಂಡ್ 2, ಕಳಾವರ್ 2. ಒಟ್ಟು 11. ಡೈಮಂಡ್‌ನಲ್ಲಿ ಒಂದು ಖಂಡಿತ ಹೋಗುತ್ತದೆ. ಹಾಗಾಗಿ ಕಳಾವರ್ ಮೂರೂ ನಮಗೇ ಬರಬೇಕು. ಕಳಾವರ್ ರಾಣಿಯನ್ನು ಯಾವ ಕಡೆಯಿಂದ ಬೇಕಾದರೂ ಹಿಡಿಯಬಹುದು, ಯಾವ ಕಡೆ ಎಂದು ಗೊತ್ತಿಲ್ಲ. ನಾನು ತುರುಪು ತೆಗೆದು, ಪಶ್ಚಿಮದವರ ಬಳಿ ರಾಣಿ ಇದೆ ಎಂದುಕೊಂಡು ಗುಲಾಮ ಹಾಕಿದೆ. ಪೂರ್ವದವರು ರಾಣಿ ಹಾಕಿ ಗೆದ್ದರು. ಆಮೇಲೆ ಡೈಮಂಡೂ ಹೋಯಿತು. ಅರ್ಧಕ್ಕರ್ಧ ಇದ್ದ ಅವಕಾಶಕ್ಕೆ ಇಡೀ ಆಟ ಕೊಟ್ಟುಬಿಟ್ಟೆ.

ಮೇಷ್ಟ್ರು ತೋರಿಸಿದ ದಾರಿ ಹೀಗೆ.

ಆಟೀನ್ ಎಕ್ಕದಲ್ಲಿ ಗೆಲ್ಲಿ. ತುರುಪು ಪೂರ್ತಿ ತೆಗೆಯಿರಿ. ಹೊರಗಿರುವುದು ಮೂರೇ ಸ್ಪೇಡ್. ಅವು 2-1 ಆಗಿ ಹಂಚಿರುವ ಸಾಧ್ಯತೆ 78%, 3-0 ಆಗಿರುವುದು 22%. ಮೂರೂ ಒಬ್ಬರ ಬಳಿಯೇ ಇದ್ದರೂ ಪರವಾಗಿಲ್ಲ. ಮೂರು ಸುತ್ತು ಆದಮೇಲೂ ಎರಡೂ ಕೈಯಲ್ಲಿ ಎರಡೆರಡು ತುರುಪು ಉಳಿಯುತ್ತವೆ. ಇದು ಬಹಳ ಮುಖ್ಯ. ಯಾಕೆ ಎಂದು ಈಗಲೇ ಗೊತ್ತಾಗುತ್ತದೆ.

ಆಮೇಲೆ ಆಟೀನ್ ರಾಜ ಆಡಿ. ಈಗ ನಿಮ್ಮ ಎರಡೂ ಕೈಯಲ್ಲಿ ಆಟೀನ್ ಇಲ್ಲ. ಒಂದು ಕಂಡಿ ಕಟ್ಟಿದಂತಾಯಿತು.

ಡೈಮಂಡ್ ಎಕ್ಕ, ಡೈಮಂಡ್ ರಾಜ ಆಡಿ. ಎರಡೂ ಕಡೆ ಒಂದೊಂದು ಸಣ್ಣ ಡೈಮಂಡ್ ಉಳಿಯಿತು.

ಈಗ ಆ ಮೂರನೇ ಡೈಮಂಡ್ ಆಡಿ, ಸೋಲಿ. ಯಾರಾದರೂ ಗೆಲ್ಲಲಿ. ಎಲೆ ಕೆಳಗಿಟ್ಟು ಆರಾಮಾಗಿ ಕೂರಬಹುದು. ಆಟ ಗೆದ್ದಾಗಿದೆ.

ಗೆದ್ದವರ ಕಷ್ಟ ನೋಡಿ. ಅವರು ಕಳಾವರ್ ಆಡಿದರೆ ನಿಮಗೆ ಊಹೆ ಬೇಡ. ಎರಡನೆಯವರಾಗಿ ಸಣ್ಣದು ಹಾಕಿ. ಪೂರ್ವದವರು ಆಡಿದರೆ ಕೊನೆಗೆ ಡಮ್ಮಿಯಲ್ಲಿ ರಾಜ-ಗುಲಾಮ ಕಾದಿವೆ. ಪಶ್ಚಿಮದವರು ಆಡಿದರೆ ಕೊನೆಗೆ ನಿಮ್ಮ ಕೈಯಲ್ಲಿ ಎಕ್ಕ-10 ಕಾದಿವೆ. ರಾಣಿ ಬಂದರೆ ಹಿಡಿಯುತ್ತೀರಿ. ಬಾರದಿದ್ದರೆ ಗುಲಾಮನೋ 10ನೋ ಅಗ್ಗಕ್ಕೆ ಗೆಲ್ಲುತ್ತದೆ. ಮೂರೂ ನಿಮ್ಮವು.

ಕಳಾವರ್ ಬೇಡವೆಂದು ಅವರು ಆಟೀನ್ ಅಥವಾ ಡೈಮಂಡ್ ಆಡಿದರೆ? ನಿಮ್ಮ ಎರಡೂ ಕೈಯಲ್ಲಿ ಆ ಸೂಟ್ ಇಲ್ಲ, ಎರಡೂ ಕೈಯಲ್ಲಿ ತುರುಪು ಇದೆ. ಡಮ್ಮಿಯಲ್ಲಿ ತುರುಪು ಹೊಡೆದು, ನಿಮ್ಮ ಕೈಯಿಂದ ಕಳಾವರ್ 4 ಎಸೆಯಿರಿ. ಇದಕ್ಕೆ ರಫ್ ಅಂಡ್ ಡಿಸ್ಕಾರ್ಡ್ ಎನ್ನುತ್ತಾರೆ. ಒಂದು ಕಡೆ ಹೊಡೆದು ಇನ್ನೊಂದು ಕಡೆ ಕಸ ಎಸೆಯುವುದು. ಈಗ ನಿಮ್ಮ ಕೈಯಲ್ಲಿ ಕಳಾವರ್ ಎರಡೇ. ಎಕ್ಕ, ರಾಜ ಆಡಿ ಮೂರನೆಯದನ್ನು ತುರುಪಿನಿಂದ ಹೊಡೆಯಿರಿ. ರಾಣಿ ಎಲ್ಲಿದ್ದರೂ ಚಿಂತೆಯಿಲ್ಲ. ಎರಡೂ ಕೈಯಲ್ಲಿ ತುರುಪು ಉಳಿಯಬೇಕು ಎಂದದ್ದು ಇದಕ್ಕೇ.

ಈ ಡೀಲ್‌ನಲ್ಲಿ ನನಗೆ ತುಂಬ ಇಷ್ಟವಾಗುವುದು ಆ ಮೂರನೇ ಡೈಮಂಡ್. ನಾನು ಅದನ್ನು ಬರೀ ಸೋಲು ಎಂದು ನೋಡಿದ್ದೆ. ಹೇಗೂ ಹೋಗುವ ಎಲೆ, ಕೊನೆಗೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಮೇಷ್ಟ್ರು ಅದನ್ನು ಬೀಗದ ಕೀಲಿಯ ಹಾಗೆ ಬಳಸಿದರು. ಖಂಡಿತ ಸೋಲುವ ಎಲೆ ನಿಮ್ಮ ಹತ್ತಿರ ಇದ್ದರೆ ಅದನ್ನು ಯಾವಾಗ ಸೋಲಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ಇದೇ ಆಟ 7 ಸ್ಪೇಡ್ ಆಗಿದ್ದರೆ ಕೊಡಲು ಎಲೆಯೇ ಇರುತ್ತಿರಲಿಲ್ಲ.

ಯಾರ ಕೈಗೆ ಕೊಡಬೇಕು?

ಮೇಲಿನ ಡೀಲ್‌ನಲ್ಲಿ ಇಬ್ಬರಲ್ಲಿ ಯಾರು ಗೆದ್ದರೂ ಸರಿಯಿತ್ತು. ಯಾವಾಗಲೂ ಹೀಗಿರುವುದಿಲ್ಲ. ಎಕ್ಕ-ರಾಣಿ ಥರದ ಜೋಡಿ ಇದ್ದಾಗ ಒಬ್ಬ ಎದುರಾಳಿ ಆಡಿದರೆ ಲಾಭ, ಇನ್ನೊಬ್ಬರು ಆಡಿದರೆ ಮುಳುಗಿದಿರಿ. ನೆನಪಿಡಲು ಸುಲಭದ ದಾರಿ: ಆ ಜೋಡಿ ಯಾವ ಕೈಯಲ್ಲಿದೆಯೋ ಅದರ ಎಡಗಡೆ ಕೂತವರು ಆಡಬೇಕು. ಆಗ ಜೋಡಿ ಇರುವ ಕೈ ಕೊನೆಗೆ ಎಲೆ ಹಾಕುತ್ತದೆ. ನಿಮ್ಮ ಕೈಯಲ್ಲಿದ್ದರೆ ಪಶ್ಚಿಮ, ಡಮ್ಮಿಯಲ್ಲಿದ್ದರೆ ಪೂರ್ವ.

ಈ ಡೀಲ್ ಜೋಡಿಸಿ. ಸ್ಪೇಡ್ ನಾಲ್ಕೂ ಕೈಯಲ್ಲಿ ಹೀಗಿರಲಿ. ಪಶ್ಚಿಮ: ಎಕ್ಕ, ರಾಜ, ರಾಣಿ, 8, 5. ಪೂರ್ವ: 10, 6, 2.

ಉತ್ತರ
ಸ್ಪೇಡ್: ಗುಲಾಮ, 9, 4
ಆಟೀನ್: ರಾಜ, 9, 7, 3
ಡೈಮಂಡ್: ಎಕ್ಕ, 6
ಕಳಾವರ್: 9, 5, 4, 3

ದಕ್ಷಿಣ
ಸ್ಪೇಡ್: 7, 3
ಆಟೀನ್: ಎಕ್ಕ, ರಾಣಿ, ಗುಲಾಮ, 10, 6, 2
ಡೈಮಂಡ್: ರಾಜ, 8
ಕಳಾವರ್: ಎಕ್ಕ, ರಾಣಿ, 6

ಪಶ್ಚಿಮದವರು 1 ಸ್ಪೇಡ್ ಎಂದು ಬಿಡ್ ಶುರು ಮಾಡಿದ್ದರು. ನೀವು 4 ಆಟೀನ್ ಆಡುತ್ತಿದ್ದೀರಿ. ಅವರು ಸ್ಪೇಡ್ ಎಕ್ಕ, ರಾಜ ಗೆದ್ದು, ಮೂರನೆಯದಕ್ಕೆ ಆಟೀನ್‌ಗೆ ತಿರುಗಿದರು.

ಎರಡು ಹೋಗಿದೆ, ಇನ್ನೊಂದು ಮಾತ್ರ ಹೋಗಬಹುದು. ಕಳಾವರ್‌ನಲ್ಲಿ ಫಿನೆಸ್ ಮಾಡಿ ರಾಜ ಪಶ್ಚಿಮದಲ್ಲಿದ್ದರೆ ಎರಡು ಹೋಗುತ್ತವೆ. ಬಿಡ್ ಶುರು ಮಾಡಿದವರು ಅವರೇ. ಹಾಗಾಗಿ ಕಳಾವರ್ ರಾಜ ಅವರ ಬಳಿಯೇ ಇರುವ ಸಾಧ್ಯತೆ ಜಾಸ್ತಿ. ಫಿನೆಸ್ ಬೇಡ. ಎಕ್ಕ-ರಾಣಿ ನಿಮ್ಮ ಕೈಯಲ್ಲಿದೆ, ಆದ್ದರಿಂದ ಪಶ್ಚಿಮದವರು ಕಳಾವರ್ ಆಡಬೇಕು. ಅವರಿಗೆ ಟ್ರಿಕ್ ಹೇಗೆ ಕೊಡುವುದು? ಡಮ್ಮಿಯಲ್ಲಿ ಇನ್ನೊಂದು ಸ್ಪೇಡ್ ಇದೆ. ಅದೇ ದಾರಿ.

ತುರುಪು ತೆಗೆಯಿರಿ. ಹೊರಗೆ ಮೂರೇ ಇವೆ. ಡೈಮಂಡ್ ರಾಜ ಮೊದಲು, ಆಮೇಲೆ ಡಮ್ಮಿಯ ಎಕ್ಕ. ಈ ಕ್ರಮದಲ್ಲೇ ಆಡಿ, ಯಾಕೆಂದರೆ ಮುಂದಿನ ಎಲೆ ಡಮ್ಮಿಯಿಂದ ಹೊರಡಬೇಕು. ಈಗ ಡೈಮಂಡ್ ಎರಡೂ ಕಡೆ ಖಾಲಿ. ಡಮ್ಮಿಯಿಂದ ಸ್ಪೇಡ್ ಗುಲಾಮ ಆಡಿ. ಅದಕ್ಕೆ ನಿಮ್ಮ ಕೈಯಿಂದ ತುರುಪು ಹೊಡೆಯಬೇಡಿ. ಕಳಾವರ್ 6 ಎಸೆಯಿರಿ. ಹೊಡೆಯಬಹುದಾದ ಎಲೆಗೆ ಹೊಡೆಯದೆ ಇರುವುದು ಮೊದಮೊದಲು ಕೈಗೆ ಒಗ್ಗುವುದಿಲ್ಲ. ಆದರೆ ಲೆಕ್ಕ ನೋಡಿ. ಹೇಗೂ ಸೋಲಲಿದ್ದ ಕಳಾವರ್ ಅನ್ನು ಸೋಲುವ ಸ್ಪೇಡ್ ಮೇಲೆ ಎಸೆದಿರಿ. ಎರಡು ಸೋಲು ಸೇರಿ ಒಂದಾಯಿತು.

ಪಶ್ಚಿಮದವರು ರಾಣಿಯಲ್ಲಿ ಗೆಲ್ಲುತ್ತಾರೆ. ಅವರ ಕೈಯಲ್ಲಿ ಒಳ್ಳೆಯ ಎಲೆಯೇ ಇಲ್ಲ. ಕಳಾವರ್ ಆಡಿದರೆ ಎಕ್ಕ-ರಾಣಿಗೆ ಬಿತ್ತು. ಸ್ಪೇಡೋ ಡೈಮಂಡೋ ಆಡಿದರೆ ಡಮ್ಮಿಯಲ್ಲಿ ಹೊಡೆದು ಕೈಯಿಂದ ಕಳಾವರ್ ರಾಣಿ ಎಸೆಯುತ್ತೀರಿ. ಕಳಾವರ್ ರಾಜ ಪೂರ್ವದಲ್ಲೇ ಇದ್ದರೂ ಫಲ ಬದಲಾಗುವುದಿಲ್ಲ. ಪಶ್ಚಿಮದಿಂದ ಬಂದ ಕಳಾವರ್‌ಗೆ ಪೂರ್ವ ರಾಜ ಹಾಕಿದರೆ ಎಕ್ಕದಲ್ಲಿ ಹಿಡಿಯುತ್ತೀರಿ, ಹಾಕದಿದ್ದರೆ ರಾಣಿ ಗೆಲ್ಲುತ್ತದೆ.

ಇಲ್ಲಿ ಒಂದು ಸಣ್ಣ ಎಲೆಯ ಮೇಲೆ ಎಲ್ಲವೂ ನಿಂತಿದೆ. ಮೊದಲ ಎರಡು ಸುತ್ತಿನ ಸ್ಪೇಡ್‌ಗೆ ಡಮ್ಮಿಯಿಂದ ಯಾವುದು ಹಾಕಿದಿರಿ? 4 ಮತ್ತು 9 ಹಾಕಿ ಗುಲಾಮನನ್ನು ಉಳಿಸಿರಬೇಕು. ಗುಲಾಮನನ್ನು ಮೊದಲೇ ಹಾಕಿ 9 ಉಳಿಸಿಕೊಂಡಿದ್ದರೆ, ಆ 9ನ್ನು ಪೂರ್ವದವರು 10ರಲ್ಲಿ ಹಿಡಿಯುತ್ತಾರೆ. ಆಮೇಲೆ ನಿಮ್ಮ ಎಕ್ಕ-ರಾಣಿಯ ಮೂಲಕ ಕಳಾವರ್ ಬರುತ್ತದೆ. ಹಿಂದೆ ಪಶ್ಚಿಮದ ರಾಜ ಕಾದಿರುತ್ತದೆ. ನಮ್ಮ ಜಗಲಿಯಲ್ಲಿ ಮೇಷ್ಟ್ರು ಡಮ್ಮಿ ಇಟ್ಟ ಮೇಲೆ ಮೊದಲ ಎಲೆಗೇ ಇಷ್ಟೊತ್ತು ತೆಗೆದುಕೊಳ್ಳುತ್ತಿದ್ದದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಮಳೆ ನೋಡುತ್ತಾ ಕೂತಿದ್ದಾರೆ ಎಂದುಕೊಂಡಿದ್ದೆ. ಅವರು ಏಳನೇ ಟ್ರಿಕ್‌ನಲ್ಲಿ ಯಾರು ಗೆಲ್ಲಬೇಕು ಎಂದು ನೋಡುತ್ತಿದ್ದರು.

ಇನ್ನೂ ಒಂದು ಮಾತು. ಪಶ್ಚಿಮದವರು ಮೂರನೇ ಟ್ರಿಕ್‌ಗೇ ಸ್ಪೇಡ್ ರಾಣಿ ಆಡಿದ್ದರೆ? ಆಗ ಕಳಾವರ್ 6 ಎಸೆದರೂ ಪ್ರಯೋಜನವಿಲ್ಲ. ಅವರ ಬಳಿ ಡೈಮಂಡ್ ಇನ್ನೂ ಇದೆ, ಆರಾಮಾಗಿ ಅದನ್ನು ಆಡಿ ತಪ್ಪಿಸಿಕೊಳ್ಳುತ್ತಾರೆ. ಕಂಡಿ ಕಟ್ಟುವ ಮೊದಲೇ ಮೀನು ದಾಟಿದ ಹಾಗೆ. ನೀವು ಎದುರಾಳಿಯ ಜಾಗದಲ್ಲಿ ಕೂತ ದಿನ ಇದನ್ನು ನೆನಪಿಡಿ. ಡಮ್ಮಿಯಲ್ಲಿ ಇಂಥ ಒಂದು ಎಲೆ ಕಂಡರೆ ಅದನ್ನು ಬೇಗ ಕೀಳಿಸಿಬಿಡಿ.

ತುರುಪಿಲ್ಲದ ಆಟದಲ್ಲಿ

ನೋ-ಟ್ರಂಪ್‌ನಲ್ಲಿ ರಫ್ ಅಂಡ್ ಡಿಸ್ಕಾರ್ಡ್ ಇಲ್ಲ. ಎದುರಾಳಿ ಬೇರೆ ಸೂಟ್ ಆಡಿ ಪಾರಾಗಬಹುದು. ಹಾಗಾಗಿ ಅವರ ಕೈಯಲ್ಲಿ ಬೇರೆ ಎಲೆಯೇ ಇರಬಾರದು. ಇಲ್ಲಿ ಎಣಿಕೆಯೇ ಎಲ್ಲ.

3 ನೋ-ಟ್ರಂಪ್. 10 ಟ್ರಿಕ್ ಆಗಿದೆ, ನಿಮಗೆ 7 ಬಂದಿದೆ. ಉಳಿದ ಮೂರರಲ್ಲಿ ಎರಡು ಬೇಕು. ನಿಮ್ಮ ಕೈಯಲ್ಲಿ ಸ್ಪೇಡ್ ಎಕ್ಕ, ರಾಣಿ ಮತ್ತು ಆಟೀನ್ 6. ಡಮ್ಮಿಯಲ್ಲಿ ಸ್ಪೇಡ್ 5, 4 ಮತ್ತು ಆಟೀನ್ 3. ಫಿನೆಸ್ ಮಾಡಲು ನೀವು ಡಮ್ಮಿಗೂ ಹೋಗಲಾರಿರಿ.

ಪಶ್ಚಿಮದವರ 13 ಎಲೆ ಎಣಿಸಿ. 1 ಆಟೀನ್ ಬಿಡ್ ಮಾಡಿ ಐದು ಆಟೀನ್ ಇದೆ ಎಂದು ತೋರಿಸಿದ್ದರು. ಡೈಮಂಡ್ ಮೂರು ಸುತ್ತು, ಕಳಾವರ್ ಮೂರು ಸುತ್ತು ಎಲೆ ಹಾಕಿ ಮುಗಿಸಿದರು. 5, 3, 3 ಸೇರಿ 11. ಉಳಿದ ಎರಡು ಸ್ಪೇಡ್. ನಾಲ್ಕು ಆಟೀನ್ ಹೋಗಿವೆ. ಅಂದರೆ ಈಗ ಅವರ ಬಳಿ ಆಟೀನ್ ಗುಲಾಮ ಮತ್ತು ಎರಡು ಸ್ಪೇಡ್. ಪೂರ್ವದವರ ಆಟೀನ್ ಮುಗಿದಿದೆ. ಆಟೀನ್ 6 ಆಡಿ. ಪಶ್ಚಿಮದವರು ಗೆದ್ದು ಸ್ಪೇಡ್ ಆಡಲೇಬೇಕು.

ಒಳ್ಳೆಯ ಆಟಗಾರರಾದರೆ ಇದನ್ನು ಮೊದಲೇ ಕಂಡು ಒಂದು ಸ್ಪೇಡ್ ಎಸೆದು, ಎರಡು ಆಟೀನ್ ಉಳಿಸಿಕೊಳ್ಳುತ್ತಾರೆ. ಆಗ ಅವರ ಸ್ಪೇಡ್ ಒಂಟಿಯಾಯಿತು. ಅದು ರಾಜನೇ ಆಗಿದ್ದರೆ ನಿಮ್ಮ ಎಕ್ಕಕ್ಕೆ ಬಿದ್ದುಹೋಗುತ್ತದೆ. ಎಣಿಸಿದವರಿಗೆ ಇದು ಕಾಣುತ್ತದೆ, ಎಣಿಸದವರಿಗೆ ಕಾಣುವುದಿಲ್ಲ. ನಾಲ್ಕೂ ಸೂಟ್ ಎಣಿಸುವುದು ಕಷ್ಟವಾದರೆ ಮೊದಲು ಒಬ್ಬರ ಕೈ ಮಾತ್ರ ಎಣಿಸಿ. ಅಡಿಕೆ ಸುಲಿಯುವವರು ಎಷ್ಟು ಡಬ್ಬ ಆಯಿತೆಂದು ಮಾತಾಡುತ್ತಲೇ ಲೆಕ್ಕ ಇಡುವುದಿಲ್ಲವಾ, ಹಾಗೆ ಅದು ರೂಢಿಯಾಗುತ್ತದೆ. ನನಗೆ ಎರಡು ಮಳೆಗಾಲ ಬೇಕಾಯಿತು.

ಕೈತಪ್ಪುವ ಜಾಗಗಳು

ನಾನು ನೋಡಿದಂತೆ ತುಂಬ ಜನ ಎಡವುವುದು ತುರುಪಿನಲ್ಲಿ. ಎದುರಾಳಿಗಳ ತುರುಪು ಮುಗಿದ ಮೇಲೂ ಇನ್ನೊಂದು ಸುತ್ತು ಆಡಿಬಿಡುತ್ತಾರೆ. ಡಮ್ಮಿಯ ಕೊನೆಯ ತುರುಪು ಹೋಯಿತೆಂದರೆ ರಫ್ ಅಂಡ್ ಡಿಸ್ಕಾರ್ಡ್‌ನ ಭಯವೇ ಎದುರಾಳಿಗಳಿಗಿಲ್ಲ. ಡಮ್ಮಿಯಲ್ಲಿ ತುರುಪು ಕಡಿಮೆ ಇದ್ದಾಗ ಎಲಿಮಿನೇಷನ್‌ಗೆ ಎಷ್ಟು ಹೊಡೆತ ಬೇಕು, ಕೊನೆಗೆ ಒಂದು ಉಳಿಯುತ್ತದಾ ಎಂದು ಶುರುವಿನಲ್ಲೇ ಎಣಿಸಿ.

ಇನ್ನೊಂದು ತಪ್ಪು ತಡ ಮಾಡುವುದು. ನಿಮ್ಮ ಬಳಿ ಡೈಮಂಡ್ ಎಕ್ಕ, 8 ಇದೆ, ಡಮ್ಮಿಯಲ್ಲಿ 6, 5. ಪಶ್ಚಿಮದವರ ಬಳಿ ರಾಜ ಮತ್ತು ಒಂದು ಸಣ್ಣ ಎಲೆ. ಎಕ್ಕ ಆಡಿ, ಆಮೇಲೆ 8 ಕೊಟ್ಟು ಅವರನ್ನು ಸಿಕ್ಕಿಸುವ ಯೋಚನೆ ನಿಮ್ಮದು. ಉಳಿದದ್ದೆಲ್ಲ ಮುಗಿಸಿ ಕೊನೆಗೆ ಎಕ್ಕ ಆಡಿದರೆ ಏನಾಗುತ್ತದೆ ಎಂದು ಅವರಿಗೂ ಕಾಣುತ್ತದೆ. ರಾಜನನ್ನು ಎಕ್ಕದ ಕೆಳಗೆ ಎಸೆದುಬಿಡುತ್ತಾರೆ, ಮುಂದಿನ ಡೈಮಂಡ್ ಪೂರ್ವದವರು ಗೆಲ್ಲುತ್ತಾರೆ. ಅದೇ ಎಕ್ಕವನ್ನು ಮೂರನೆಯ ಅಥವಾ ನಾಲ್ಕನೆಯ ಟ್ರಿಕ್‌ನಲ್ಲಿ, ಏನೂ ವಿಶೇಷವಿಲ್ಲದ ಹಾಗೆ ಆಡಿ. ಆಗ ರಾಜನನ್ನು ಎಸೆಯುವ ಧೈರ್ಯ ಬಹಳ ಜನಕ್ಕೆ ಬರುವುದಿಲ್ಲ.

ಎಲ್ಲ ಕಂಡಿಯನ್ನೂ ಕಟ್ಟಲಾಗದ ಡೀಲ್‌ಗಳೂ ಬರುತ್ತವೆ. ಹೊರಗೆ ಒಂದು ತುರುಪು ಉಳಿದಿರಬಹುದು, ಒಂದು ಸೂಟ್ ಅರ್ಧ ಮಾತ್ರ ಖಾಲಿಯಾಗಿರಬಹುದು. ಆಗಲೂ ಥ್ರೋ-ಇನ್ ಮಾಡಿ ನೋಡಿ. ಸಿಕ್ಕಿಬಿದ್ದವರ ಬಳಿ ಆ ತಪ್ಪಿಸಿಕೊಳ್ಳುವ ಎಲೆ ಇಲ್ಲದೆಯೂ ಇರಬಹುದು. ಬರೀ ಫಿನೆಸ್‌ಗಿಂತ ಎಷ್ಟೋ ಸಲ ಇದೇ ಒಳ್ಳೆಯದು.

ಅಭ್ಯಾಸಕ್ಕೆ

ಆಡುವಾಗಲೇ ಎಂಡ್‌ಪ್ಲೇ ಹುಡುಕುತ್ತಾ ಕೂತರೆ ತಲೆ ಬಿಸಿಯಾಗುತ್ತದೆ. ಮೊದಲು ಆಟ ಮುಗಿದ ಮೇಲೆ ಹುಡುಕಿ. ಒಂದು ಎಲೆಯಲ್ಲಿ ಸೋತ ಪ್ರತಿ ಡೀಲನ್ನೂ ಮತ್ತೆ ಬಿಡಿಸಿಟ್ಟು, ಯಾವ ಸೂಟನ್ನು ನಾನೇ ಬಿಚ್ಚಿದೆ ಎಂದು ನೋಡಿ. ಜೊತೆಗೆ ಆಡಿದವರಿಗೆ ಬೇಜಾರಿಲ್ಲದಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ನಮ್ಮಲ್ಲಿ ಆಟಕ್ಕಿಂತ ಈ ಬಿಡಿಸಿಡುವ ಹೊತ್ತೇ ಜಾಸ್ತಿ. ಹಪ್ಪಳ ಖಾಲಿಯಾಗುವುದೂ ಆಗಲೇ.

ಇವತ್ತು ಸಂಜೆ ಎರಡನೇ ಡೀಲ್ ಜೋಡಿಸಿ. ಪೂರ್ವ-ಪಶ್ಚಿಮದ ಉಳಿದ ಎಲೆಗಳನ್ನು ನಿಮಗೆ ಬೇಕಾದಂತೆ ಹಂಚಿ, ಕಳಾವರ್ ರಾಜ ಮಾತ್ರ ಪಶ್ಚಿಮಕ್ಕೆ ಕೊಡಿ. ಮೂರು ಸಲ ಆಡಿ. ಮೊದಲ ಸಲ ಸರಿಯಾಗಿ. ಎರಡನೇ ಸಲ ಡೈಮಂಡ್ ಖಾಲಿ ಮಾಡದೆಯೇ ಸ್ಪೇಡ್ ಗುಲಾಮ ಕೊಟ್ಟು, ಪಶ್ಚಿಮದವರು ಹೇಗೆ ಪಾರಾಗುತ್ತಾರೆ ನೋಡಿ. ಮೂರನೇ ಸಲ ಗುಲಾಮನನ್ನು ಮೊದಲ ಟ್ರಿಕ್‌ಗೇ ಹಾಕಿಬಿಡಿ. ಆಮೇಲೆ ಪೂರ್ವದವರ ಜಾಗಕ್ಕೆ ಹೋಗಿ ಕೂತು, ಆ 10ನ್ನು ನೀವೇ ಕೈಯಲ್ಲಿ ಹಿಡಿದು ನೋಡಿ.